ಮೂರನೆಯ ಪೀಪಾಯಿಯ ರಮ್ಮು

ಹನ್ನೆರಡು ವರ್ಷ ಓಕ್ ಮರದ ಪೀಪಾಯಿಯಲ್ಲಿ ಮಲಗಿದ್ದ ರಮ್ಮು ನನ್ನ ಮುಂದೆ ಇತ್ತು. ಟ್ಯುಲಿಪ್ ಆಕಾರದ ಗ್ಲಾಸಿನಲ್ಲಿ ನಾಲ್ಕು ಚಮಚದಷ್ಟು, ಮೇಲೆ ಮುಚ್ಚಿದ ಗಾಜಿನ ಬಿಲ್ಲೆ. ಬಿಲ್ಲೆ ಸರಿಸಿ, ಬಾಯಿ ತುಸು ತೆರೆದು, ಮೂಗನ್ನು ಗ್ಲಾಸಿನ ಅಂಚಿಗೆ ತಂದೆ. ಏನೂ ಬರಲಿಲ್ಲ. ಗ್ಲಾಸನ್ನು ಒಮ್ಮೆ ತಿರುಗಿಸಿ ಮತ್ತೆ ತಂದೆ. ಮೂಗಿನೊಳಗೆ ಸೂಜಿಮೊನೆ ತಾಗಿದ ಹಾಗೆ ಒಂದು ಚುರುಕು, ಅಷ್ಟೇ. ಅದು ಸ್ಪಿರಿಟ್ಟಿನ ಉರಿ. ಮೂಗು ಸತ್ತವನಿಗೂ ಅದು ಗೊತ್ತಾಗುತ್ತದೆ.

ಪಕ್ಕದ ಗೂಡಿನಲ್ಲಿ ಯಾರೋ ಪೆನ್ಸಿಲ್ಲಿನಿಂದ ಬರೆಯುತ್ತಿರುವ ಸದ್ದು ಕೇಳಿಸುತ್ತಿತ್ತು. ನಾನೂ ಬರೆದೆ: ಒಣದ್ರಾಕ್ಷಿ, ಕಾಕಂಬಿ, ವೆನಿಲ್ಲಾ, ಹಳೆಯ ಚರ್ಮ, ಕೊನೆಯಲ್ಲಿ ಕಿತ್ತಳೆ ಸಿಪ್ಪೆ. ಹಿಂದಿನ ವರ್ಷ ಇದೇ ರಮ್ಮಿಗೆ ನಾನೇ ಬರೆದಿದ್ದ ಮಾತುಗಳು. ನೆನಪಿನಿಂದ ಎತ್ತಿ ಇಟ್ಟೆ. ಕಾಗದವನ್ನು ಕಿಂಡಿಯಿಂದ ಆಚೆ ತಳ್ಳಿದೆ.

ನವಿ ಮುಂಬಯಿಯ ಒಂದು ಮದ್ಯ ತಯಾರಿಕಾ ಕಂಪೆನಿಯಲ್ಲಿ ನನ್ನ ಕೆಲಸ. ಬೇರೆ ಬೇರೆ ಕಡೆಯ ಹಳೆಯ ರಮ್ಮುಗಳನ್ನು ತರಿಸಿ, ಬೆರೆಸಿ, ಬಾಟಲಿಗೆ ತುಂಬುವ ಕಂಪೆನಿ. ಯಾವುದನ್ನು ಯಾವುದರ ಜೊತೆ ಬೆರೆಸಬೇಕು, ಯಾವುದು ಕೆಟ್ಟಿದೆ, ಯಾವುದು ಇನ್ನೂ ಎರಡು ವರ್ಷ ಮಲಗಬೇಕು ಎಂದು ಮೂಸಿ ಹೇಳುವ ಐದು ಜನರ ಪ್ಯಾನೆಲ್ ಒಂದಿದೆ. ಆ ಐವರಲ್ಲಿ ಒಬ್ಬ ನಾನು. ಬಣ್ಣ ನೋಡಿ ಮೋಸ ಹೋಗಬಾರದೆಂದು ಕೆಂಪು ದೀಪ ಹಾಕಿದ ಕೋಣೆ, ಗೋಡೆಗೆ ಮುಖ ಮಾಡಿದ ಐದು ಗೂಡುಗಳು, ಐದು ಕುರ್ಚಿಗಳು. ಎರಡನೆಯ ಕುರ್ಚಿ ನನ್ನದು. ಮೂಗು ಹೋದರೆ ಆ ಕುರ್ಚಿಯೂ ಹೋಗುತ್ತದೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಆ ಕುರ್ಚಿಯ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತು ಎಂದು ಬರೆಯಲು ನಾಚಿಕೆಯಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅಪ್ಪ ಉಡುಪಿ ಕಡೆಯ ಹಳ್ಳಿಯಿಂದ ಬಂದು ಮೊದಲು ಹೋಟೆಲಿನಲ್ಲಿ ತಟ್ಟೆ ತೊಳೆದವರು, ಆಮೇಲೆ ಮೂವತ್ತು ವರ್ಷ ಠಾಣೆಯ ಒಂದು ಬಾರಿನ ಕೌಂಟರಿನ ಹಿಂದೆ ನಿಂತು ಪೆಗ್ ಅಳೆದು ಕೊಟ್ಟವರು. ಡೊಂಬಿವಲಿಯ ಚಾಳಿನ ಒಂದೇ ಕೋಣೆಯಲ್ಲಿ, ಎಲ್ಲರೂ ಕಾಲು ಮಡಚಿ ಮಲಗಿದ ಮೇಲೆ ಉಳಿಯುತ್ತಿದ್ದ ಮೂಲೆಯಲ್ಲಿ ಕೂತು ನಾನು ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿದೆ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ 'ಹೋಟೆಲ್ ವ್ಯವಹಾರ' ಎಂದು ಬರೆದೆ. ಕೆಲಸ ಸಿಕ್ಕಿದ ಮೇಲೂ ಯಾರು ಕೇಳಿದರೂ ಅದನ್ನೇ ಹೇಳಿದೆ. ಉಡುಪಿಯವರು ಎಂದ ಕೂಡಲೇ ಎಲ್ಲರೂ ಇಡ್ಲಿ ದೋಸೆ ಅಂದುಕೊಳ್ಳುತ್ತಾರೆ, ಮುಂದೆ ಕೇಳುವುದಿಲ್ಲ.

ಡಿಗ್ರಿ ಆದ ಮೇಲೆ ಒಂಬತ್ತು ವರ್ಷ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಸಾಲ್ವೆಂಟ್ ಎಂಬ ದ್ರಾವಕಗಳ ಒಂದು ಕಾರ್ಖಾನೆಯಲ್ಲಿ ಡ್ರಮ್ಮುಗಳ ನಡುವೆ ನಿಂತೆ. ಸ್ಯಾಂಪಲ್ ತೆಗೆಯುವ ಮೊದಲೇ ಯಾವ ಡ್ರಮ್ಮಿನಲ್ಲಿ ನೀರು ಸೇರಿದೆ, ಯಾವುದು ಹಳತಾಗಿದೆ ಎಂದು ಹೇಳುತ್ತಿದ್ದೆ. ಜೊತೆಯವರು ತಮಾಷೆ ಮಾಡುತ್ತಿದ್ದರು. ಈ ಕಂಪೆನಿ ಪ್ಯಾನೆಲ್ಲಿಗೆ ಜನ ಬೇಕೆಂದು ಪರೀಕ್ಷೆ ಇಟ್ಟಾಗ ಅದೇ ಮೂಗು ನನ್ನನ್ನು ಒಳಗೆ ಸೇರಿಸಿತು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು, ವಿದೇಶದಲ್ಲಿ ಕೋರ್ಸು ಮಾಡಿದವರು ಹೊರಗೆ ಉಳಿದರು.

ಹಳೆಯ ರಮ್ಮನ್ನು ಮೂಸುವುದಕ್ಕೆ ಆತುರ ಆಗದು. ನಾನು ಅದನ್ನು ಕಲಿತದ್ದು ಹೀಗೆ: ಗ್ಲಾಸನ್ನು ಮೊದಲು ಎದೆಯ ಮಟ್ಟದಲ್ಲಿ ಹಿಡಿಯಬೇಕು. ಅಲ್ಲಿಯವರೆಗೆ ಎದ್ದು ಬರುವುದು ಹಣ್ಣು, ಬಾಳೆಹಣ್ಣೋ ಒಣ ಅಂಜೂರವೋ. ಗದ್ದದ ಮಟ್ಟಕ್ಕೆ ತಂದರೆ ಬೆಲ್ಲ, ಜೇನು, ಸುಟ್ಟ ಸಕ್ಕರೆ. ಮೂಗಿಗೆ ತೀರಾ ಹತ್ತಿರ ತಂದಾಗ ಮರ ಸಿಗುತ್ತದೆ, ಮರದೊಳಗಿನ ಲವಂಗ, ಹೊಗೆ, ಹಳೆಯ ಪೆಟ್ಟಿಗೆ ತೆರೆದ ಹಾಗಿನ ಒಂದು ತಂಪು. ಆಮೇಲೆ ನಾಲ್ಕು ಹನಿ ನೀರು. ನೀರು ಬಿದ್ದ ಕೂಡಲೇ ಅಷ್ಟು ಹೊತ್ತು ಮುದುಡಿದ್ದುದೆಲ್ಲ ಬಿಚ್ಚಿಕೊಳ್ಳುತ್ತದೆ. ಬಾಯಿಗೆ ತೆಗೆದುಕೊಳ್ಳುವುದು ಕೊನೆಗೆ, ಅದೂ ಒಂದು ಗುಟುಕು. ನಾಲಿಗೆಯ ಮೇಲೆ ಹೊರಳಿಸಿ ಬಕೆಟ್ಟಿಗೆ ಉಗುಳುವುದು. ನಮ್ಮ ಕಡೆಯ ಸೆಕೆಯಲ್ಲಿ ಪೀಪಾಯಿಯೊಳಗಿನ ರಮ್ಮು ವರ್ಷ ವರ್ಷವೂ ಗಾಳಿಗೆ ಹೋಗುತ್ತಾ ಇರುತ್ತದೆ. ಹನ್ನೆರಡು ವರ್ಷ ಕಳೆದು ತಳದಲ್ಲಿ ಉಳಿದದ್ದನ್ನು ಮೂಸುವಾಗ, ಹೋದುದೆಲ್ಲ ಹೋಗಿ ಗಟ್ಟಿ ಇದ್ದುದು ಮಾತ್ರ ಉಳಿದಿದೆ ಅನ್ನಿಸುತ್ತಿತ್ತು. ನನಗೆ ಕುಡಿತದ ಚಟವಿಲ್ಲ. ಆದರೆ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹೊಟ್ಟೆ ಅರೆ ಖಾಲಿ ಇರುವಾಗ ಆ ಗ್ಲಾಸಿನ ಮುಂದೆ ಕೂತರೆ ಚಾಳು, ಲೋಕಲ್ ಗಾಡಿಯ ನೂಕುನುಗ್ಗಲು, ಡ್ರಮ್ಮುಗಳು ಎಲ್ಲ ದೂರ ಸರಿಯುತ್ತಿದ್ದವು. ಜೀವನದಲ್ಲಿ ನಾನು ಚೆನ್ನಾಗಿ ಮಾಡಬಲ್ಲ ಒಂದು ಕೆಲಸ ಇದೇ ಎಂದು ಖಾತ್ರಿಯಾಗುತ್ತಿತ್ತು.

ಅದು ಹೋದದ್ದು ಒಂದು ಸಾಧಾರಣ ಜ್ವರದಲ್ಲಿ. ಮೂರು ದಿನ ಮೈ ಬಿಸಿ, ಮೂಗು ಕಟ್ಟಿತ್ತು. ಜ್ವರ ಇಳಿಯಿತು, ಮೂಗು ಬಿಟ್ಟಿತು, ವಾಸನೆ ಮಾತ್ರ ಬರಲಿಲ್ಲ. ನೆಗಡಿಯ ಉಳಿಕೆ ಇರಬೇಕೆಂದು ಒಂದು ವಾರ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತಿದ್ದಾಗ ಹೆಂಡತಿ ಬಂದು ನನ್ನ ಮುಂದಿನ ಚಟ್ನಿಯ ಬಟ್ಟಲನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಅವಳು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಅವಳ ಕನ್ನಡದಲ್ಲಿ ಅರ್ಧ ಹಿಂದಿ.

"ಇದು ಪೂರಾ ಖರಾಬ್ ಆಗಿದೆ. ನಿನ್ನೆದು. ಇಷ್ಟೊತ್ತು ತಿಂತಾ ಇದ್ರಿ, ನಿಮಗೆ ಸಮಝ್ ಆಗ್ಲಿಲ್ವಾ?"

ಹಳಸಿದ ತೆಂಗಿನಕಾಯಿ ಚಟ್ನಿಯನ್ನು ಎರಡು ಇಡ್ಲಿಯ ಜೊತೆ ತಿಂದಿದ್ದೆ. ನನಗೆ ಗೊತ್ತಾದದ್ದು ಉಪ್ಪು, ಖಾರ, ಸ್ವಲ್ಪ ಹುಳಿ. ಅವಳು ನನ್ನ ಮುಖ ನೋಡಿದಳು, ನಾನು ಅವಳದು ನೋಡಿದೆ. ಯಾರಿಗೂ ಹೇಳಬೇಡ ಎಂದೆ.

ನೆರೂಳದ ಡಾಕ್ಟರು ಮೂಗಿನೊಳಗೆ ಕೊಳವೆ ಇಳಿಸಿ ನೋಡಿದರು. ವಾಸನೆಯ ನರಕ್ಕೆ ಏಟು ಬಿದ್ದಿದೆ, ಕೆಲವರಿಗೆ ಕೆಲವು ತಿಂಗಳಲ್ಲಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ, ದಿನವೂ ಗಾಢವಾದ ವಾಸನೆಗಳನ್ನು ಮೂಸುತ್ತಾ ಇರಿ ಎಂದರು. ಗಾಢ ವಾಸನೆಗಳ ಹಿಂದೆ ಬಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಕರ್ಪೂರ, ಇಂಗು, ಲವಂಗದ ಡಬ್ಬಿಗಳ ಮುಂದೆ ಕೂರುತ್ತಿದ್ದೆ. ವಾಶಿಯ ಸಗಟು ಮಾರುಕಟ್ಟೆಯ ಮಸಾಲೆ ಗಲ್ಲಿಗೆ ಹೋಗಿ ಒಣಮೆಣಸಿನ ಗೋಣಿಗಳ ನಡುವೆ ನಿಂತೆ. ಕಣ್ಣಲ್ಲಿ ನೀರು ಬಂತು, ಸೀನು ಬಂತು, ವಾಸನೆ ಬರಲಿಲ್ಲ. ಹಮಾಲಿಯೊಬ್ಬ ದಾರಿ ಬಿಡು ಎಂದು ಮರಾಠಿಯಲ್ಲಿ ಬೈದು ಹೋದ. ಒಂದು ಭಾನುವಾರ ಎಂಐಡಿಸಿಯ ಹಿಂದಿನ ರಸ್ತೆಗೂ ಹೋದೆ. ರಿಕ್ಷಾದವರೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದಾಟುವ ರಸ್ತೆ ಅದು. ಒಂಬತ್ತು ವರ್ಷ ಯಾವ ನಾತದಲ್ಲಿ ನಿಂತಿದ್ದೆನೋ, ಯಾವುದರಿಂದ ಪಾರಾಗಲು ಪ್ಯಾನೆಲ್ಲಿನ ಪರೀಕ್ಷೆ ಕಟ್ಟಿದ್ದೆನೋ, ಅದೇ ನಾತಕ್ಕಾಗಿ ಕಾರ್ಖಾನೆಗಳ ಕೊಳಚೆ ಹರಿಯುವ ನಾಲೆಯ ಕಟ್ಟೆಯ ಮೇಲೆ ಕೈಯೂರಿ ಉಸಿರೆಳೆದುಕೊಂಡೆ. ಹತ್ತು ನಿಮಿಷ, ಹದಿನೈದು ನಿಮಿಷ. ಅಲ್ಲಿಯೂ ಏನಿಲ್ಲ. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಪ್ಯಾನೆಲ್ಲಿನಲ್ಲಿ ನಾಲಿಗೆಯಿಂದ ಬದುಕಿದೆ. ಸಿಹಿ ಎಷ್ಟು, ಉರಿ ಎಷ್ಟು, ಒಗರು ಎಷ್ಟು ಎಂದು ನಾಲಿಗೆ ಹೇಳುತ್ತಿತ್ತು. ಉಳಿದದ್ದನ್ನು ಹಳೆಯ ಕಾಗದಗಳ ನೆನಪಿನಿಂದ ತುಂಬುತ್ತಿದ್ದೆ. ನಮ್ಮ ಐವರ ಮೇಲಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಧಾರವಾಡದ ಕಡೆಯವರು, ಐವತ್ತು ದಾಟಿದ ಹೆಂಗಸು, ಬೆರಕೆ ಮಾಡುವುದರಲ್ಲಿ ಇಡೀ ಕಂಪೆನಿ ಅವರ ಮಾತು ಮೀರುವುದಿಲ್ಲ. ನನ್ನ ಜೊತೆ ಕನ್ನಡದಲ್ಲಿಯೇ ಮಾತಾಡುತ್ತಿದ್ದರು. ಒಮ್ಮೆ ಗೂಡಿನ ಹಿಂದೆ ಬಂದು ನಿಂತು, "ಏನ್ರೀ, ಭಾಳ ಹೊತ್ತು ಮೂಸ್ಲಿಕತ್ತೀರಿ ಇತ್ತೀಚೆ? ಗ್ಲಾಸಿನ್ಯಾಗ ಬಿದ್ದೀರಿ ನೋಡ್ರಿ," ಎಂದರು. ನಾನು ನಕ್ಕೆ. ಅವರೂ ನಕ್ಕರು. ನಾಲ್ಕು ತಿಂಗಳು ಹೀಗೆ ದಾಟಿದೆ.

ಐದನೆಯ ತಿಂಗಳಲ್ಲಿ ದೊಡ್ಡ ಕೆಲಸ ಬಂತು. ಆರು ಪೀಪಾಯಿಗಳಲ್ಲಿ ಒಂದನ್ನು ಆರಿಸಿ, ಬೇರೆ ಯಾವುದನ್ನೂ ಬೆರೆಸದೆ ಅದೊಂದನ್ನೇ ದುಬಾರಿ ಬಾಟಲಿಗೆ ತುಂಬುವುದೆಂದು ಕಂಪೆನಿ ತೀರ್ಮಾನಿಸಿತ್ತು. ಆರೂ ಹೊಸವು, ಹಿಂದೆ ಯಾರೂ ಮೂಸಿದ್ದಲ್ಲ. ನೆನಪಿನಿಂದ ಎತ್ತಿಡಲು ನನ್ನ ಬಳಿ ಮಾತುಗಳಿರಲಿಲ್ಲ. ಅದೇ ವಾರ ನಮ್ಮ ಕೋಣೆಗೆ ಬಣ್ಣ ಹೊಡೆಯುವುದಿತ್ತು, ಬಣ್ಣದ ವಾಸನೆಯಲ್ಲಿ ಯಾರೂ ಮೂಸುವಂತಿಲ್ಲ. ಹಾಗಾಗಿ ಆರು ಸಣ್ಣ ಸೀಸೆಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮನೆಗೆ ಕೊಟ್ಟರು. ಮನೆಯಲ್ಲಿ ಕೂತು ಪ್ರತಿಯೊಂದಕ್ಕೂ ಬರೆಯಿರಿ, ಒಂದರಿಂದ ಆರರವರೆಗೆ ನಂಬರು ಕೊಡಿ, ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಡಿ ಎಂದರು.

ಠಾಣೆಯಲ್ಲಿ ಗಾಡಿ ಬದಲಿಸುವಾಗ ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದಾಗಲೇ ಅಪ್ಪನ ಯೋಚನೆ ಬಂದದ್ದು. ಬಾರಿನ ಕೆಲಸ ಬಿಟ್ಟ ಮೇಲೆ ಅವರು ನಮ್ಮ ಫ್ಲ್ಯಾಟಿನಲ್ಲೇ ಇದ್ದರು, ಅವರ ಮೂಗು ಚೆನ್ನಾಗಿತ್ತು. ಪಕ್ಕದ ಫ್ಲ್ಯಾಟಿನಲ್ಲಿ ಹಾಲು ಉಕ್ಕಿದರೆ ನಮ್ಮ ಮನೆಯಿಂದ ಹೇಳುತ್ತಿದ್ದರು.

ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಕಲ್ಯಾಣಕ್ಕೆ, ತವರಿಗೆ ಹೋದಳು. ಬೆಳಿಗ್ಗೆ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆರು ಗ್ಲಾಸು ಇಟ್ಟೆ. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಎಲ್ಲವನ್ನೂ ಹೇಳಿದೆ, ಜ್ವರದಿಂದ ಹಿಡಿದು. ಅಪ್ಪನೂ ನಾನೂ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಪೇಪರ್ ಮಡಚಿ ಬದಿಗಿಟ್ಟರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ.

"ಮೂವತ್ತು ವರ್ಷ ಊರಿನವರಿಗೆಲ್ಲ ಕುಡಿಸಿದೆ," ಎಂದರು ಮೇಜಿನ ಹತ್ತಿರ ಬರುತ್ತಾ. "ಹೇಗುಂಟು ಅಂತ ನನ್ನ ಹತ್ರ ಒಬ್ಬನೂ ಕೇಳಲಿಲ್ಲ. ನೀನೇ ಮೊದಲ ಗಿರಾಕಿ ಮಾರಾಯ."

ಒಂದೊಂದಾಗಿ ಮೂಸಿದರು. ನಾನು ಕಲಿಸಿದ ಹಾಗೆ, ಎದೆ, ಗದ್ದ, ಮೂಗು. ಒಂದನೆಯದು ಹಬ್ಬಕ್ಕೆ ಕಾಯಿಸಿದ ಬೆಲ್ಲದ ಪಾಕ ತಳ ಹಿಡಿದ ಹಾಗೆ ಎಂದರು. ಎರಡನೆಯದು ಬಡಗಿ ಈಗಷ್ಟೇ ಎದ್ದು ಹೋದ ಮನೆ. ನಾಲ್ಕನೆಯದು ಹೆಚ್ಚು ಹಣ್ಣಾಗಿ ಬಿರಿದ ಹಲಸು. ಆರನೆಯದರಲ್ಲಿ ಎಂತದೂ ಇಲ್ಲ, ಆಸ್ಪತ್ರೆ. ನಾನು ಬರೆದುಕೊಳ್ಳುತ್ತಾ ಹೋದೆ. ತಳ ಹಿಡಿದ ಪಾಕ ಕಂಪೆನಿಯ ಭಾಷೆಯಲ್ಲಿ ಏನಾಗುತ್ತದೆ, ಬಡಗಿ ಎದ್ದು ಹೋದ ಮನೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟು ನಿಖರವಾದ ಮಾತು ಪ್ಯಾನೆಲ್ಲಿನಲ್ಲಿ ಯಾರಿಂದಲೂ ಕೇಳಿರಲಿಲ್ಲ. ಒಳಗೇ ಕುಣಿಯುವಷ್ಟು ಖುಷಿಯಾಯಿತು.

ಐದನೆಯದನ್ನು ಮೂಸಿ, "ಕಿತ್ತಳೆ ಸಿಪ್ಪೆ ಬಿಸಿಲಿಗೆ ಹಾಕಿದ್ದು. ಏಲಕ್ಕಿಯೂ ಉಂಟು. ಇದು ಒಳ್ಳೇದು," ಎಂದರು, ಸಾಮಾನ್ಯ ದನಿಯಲ್ಲಿ. ಮೂರನೆಯದರ ಮುಂದೆ ಮಾತ್ರ ಕಣ್ಣು ಮುಚ್ಚಿದರು. ತೆರೆಯಲೇ ಇಲ್ಲ ಬಹಳ ಹೊತ್ತು. ಮುಖ ಸಡಿಲವಾಯಿತು, ತುಟಿಯ ಬದಿಯಲ್ಲಿ ನಗು.

"ಕೊಬ್ಬರಿ. ಮಳೆಗಾಲ ಪೂರ್ತಿ ಅಟ್ಟದ ಮೇಲೆ ಇದ್ದ ಕೊಬ್ಬರಿ. ನನ್ನ ಅಮ್ಮ ಎಣ್ಣೆಗೆ ಕೊಡ್ಲಿಕ್ಕೆ ಅಂತ ಇಡ್ತಾ ಇದ್ರು. ನಾನು ಅಲ್ಲೇ ಮಲಗುದು."

ಮತ್ತೆ ಮೂಸಿದರು, ಮತ್ತೆ ನಕ್ಕರು. ಮೂರು ಮತ್ತು ಐದು ಉಳಿದವು. ಯಾವುದು ಮೇಲು ಎಂದು ಕೇಳಿದೆ. ಅವರು ಎರಡೂ ಗ್ಲಾಸುಗಳನ್ನು ನೋಡಿ ಹೆಗಲು ಕುಣಿಸಿದರು. ಅದು ನನಗೆ ಗೊತ್ತಾಗುವುದಿಲ್ಲ, ನೀನು ಕೇಳಿದ್ದು ವಾಸನೆ, ಅದನ್ನು ಹೇಳಿದೆ ಎಂದರು.

ಆಗ ನಾನು ಹೇಳಿದೆ, "ಪಪ್ಪ, ನಾಲಿಗೆಗೆ ಒಂದು ಹನಿ ಹಾಕಿ ನೋಡಿ."

ಈ ಮಾತು ಆಡಬಾರದಿತ್ತು. ಯಾಕೆಂದರೆ ಅಪ್ಪ ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ. ಬಾರಿನ ಕೆಲಸಕ್ಕೆ ಸೇರುವಾಗ ಊರಿಗೆ ಹೋಗಿ, ನಮ್ಮ ಮನೆಯ ದೈವದ ಎದುರು ನಿಂತು, ಕೈ ಮುಟ್ಟುತ್ತದೆ, ಬಾಯಿ ಮುಟ್ಟುವುದಿಲ್ಲ ಎಂದು ಅವರ ತಾಯಿಗೆ ಮಾತು ಕೊಟ್ಟು ಬಂದಿದ್ದರು. ಗಿರಾಕಿಗಳು ಬಲವಂತ ಮಾಡಿದ್ದರು, ಮಾಲೀಕರು ದೀಪಾವಳಿಗೆ ಬಾಟಲಿ ಕೊಟ್ಟಿದ್ದರು, ಜೊತೆಯವರು ಗೇಲಿ ಮಾಡಿದ್ದರು. ಮೂವತ್ತು ವರ್ಷ ಅದರ ನಡುವೆ ನಿಂತು, ಬಾಯಿಗೆ ಮುಟ್ಟಿಸದೆ ಮನೆಗೆ ಬಂದಿದ್ದರು. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಅವರು ಯಾವುದರ ಬಗ್ಗೆಯಾದರೂ ಹೆಮ್ಮೆ ಪಡುತ್ತಿದ್ದರೆ ನನ್ನ ಡಿಗ್ರಿ ಒಂದು, ಇದು ಇನ್ನೊಂದು.

"ಅದು ನನ್ನಿಂದ ಆಗ್ಲಿಕ್ಕಿಲ್ಲ ಅಂತ ನಿನಗೆ ಗೊತ್ತುಂಟಲ್ಲ," ಎಂದರು ಮೆಲ್ಲಗೆ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಈ ಕುರ್ಚಿ ಹೋದರೆ ಮತ್ತೆ ಡ್ರಮ್ಮುಗಳ ಹತ್ತಿರ ನಿಲ್ಲಬೇಕು, ನೀವು ನನ್ನನ್ನು ಓದಿಸಿದ್ದು ಅದಕ್ಕಾ ಎಂದು ಕೇಳಿದೆ. ಕೇಳುವಾಗಲೇ ಗೊತ್ತಿತ್ತು, ಓದಿನ ಹೆಸರು ಎತ್ತಿದರೆ ಅವರ ಹತ್ತಿರ ಉತ್ತರ ಇರುವುದಿಲ್ಲ. ಅವರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

"ಯಾವುದು ಮೊದಲು?" ಎಂದರು.

ನಾನು ಐದನೆಯದನ್ನು ಮುಂದಿಟ್ಟೆ. ಅವರು ಗ್ಲಾಸನ್ನು ತುಟಿಗೆ ತಂದರು. ನಾನು ತಡೆಯಲಿಲ್ಲ, ಪೆನ್ಸಿಲ್ ಹಿಡಿದು ಮುಖವನ್ನೇ ನೋಡುತ್ತಿದ್ದೆ. ನಾಲಿಗೆಗೆ ತಾಗಿದ ಕೂಡಲೇ ಇಡೀ ಮುಖ ಕಿವುಚಿಹೋಯಿತು, ಕಣ್ಣಿನಲ್ಲಿ ನೀರು ತುಂಬಿತು, ಕೆಮ್ಮಿದರು. ನೀರು ಕೊಟ್ಟೆ. ಆಮೇಲೆ ಮೂರನೆಯದು. ಈ ಸಲ ಅಷ್ಟು ಕಿವುಚಲಿಲ್ಲ. ಸ್ವಲ್ಪ ಎಣ್ಣೆಯ ಹಾಗೆ ಉಂಟು, ಜಾರುತ್ತದೆ ಎಂದರು. ಎದ್ದು ಬಾತ್‌ರೂಮಿಗೆ ಹೋಗಿ ಬಾಯಿ ತೊಳೆದರು. ನಳದ ನೀರು ಬಹಳ ಹೊತ್ತು ಹರಿಯುತ್ತಿತ್ತು. ಮಧ್ಯಾಹ್ನ ಊಟ ಮಾಡಲಿಲ್ಲ, ಆಸಿಡಿಟಿ ಅಂದರು.

ನಾನು ಮೂರನೆಯ ಪೀಪಾಯಿಗೆ ಒಂದನೆಯ ನಂಬರು ಕೊಟ್ಟೆ. ಪಕ್ವವಾದ ತೆಂಗು, ಒಣ ಅಟ್ಟ, ನಾಲಿಗೆಯ ಮೇಲೆ ಎಣ್ಣೆಯಂಥ ನಯ, ಬಹಳ ಮೇಲು ದರ್ಜೆಯದು ಎಂದು ಇಂಗ್ಲಿಷಿನಲ್ಲಿ ಬರೆದೆ. ಒಳ್ಳೆಯ ಓಕ್ ಮರದಿಂದ ತೆಂಗಿನ ಪರಿಮಳ ಬರುವುದುಂಟು, ಅದು ನಿಜ. ಆ ಕಾಗದದಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ.

ಎಂಟು ದಿನದ ಮೇಲೆ ಮೇಡಂ ನನ್ನನ್ನು ಒಬ್ಬನನ್ನೇ ಕರೆದರು. ಮೇಜಿನ ಮೇಲೆ ಐದು ಕಾಗದಗಳು, ಒಂದು ಗ್ಲಾಸು.

ಉಳಿದ ನಾಲ್ವರೂ ಐದನೆಯ ಪೀಪಾಯಿಯನ್ನು ಮೇಲೆ ಇಟ್ಟಿದ್ದರು. ನಾಲ್ವರೂ ಮೂರನೆಯದನ್ನು ತಳಕ್ಕೆ ಹಾಕಿ, ಕೆಟ್ಟಿದೆ ಎಂದು ಬರೆದಿದ್ದರು. ಕನರು ಹಿಡಿದ ಎಣ್ಣೆ, ಬೂಸ್ಟು. ಮೇಡಂ ಗ್ಲಾಸನ್ನು ನನ್ನ ಕಡೆ ಸರಿಸಿದರು. ಮೂಸಿದೆ. ತೆಂಗು ಎಂದೆ. ಇನ್ನೊಮ್ಮೆ ನೋಡಿ ಎಂದರು. ಮತ್ತೆ ತೆಂಗು ಎಂದೆ, ಮರ ಚೆನ್ನಾಗಿದೆ ಎಂದೆ. ಅವರು ಸಿಟ್ಟಾಗಲಿಲ್ಲ. ನನ್ನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಆರು ವರ್ಷ ನಿಮ್ಮ ಬರವಣಿಗಿ ಓದೀನಿ. ನೀವು ಮೊದಲ ಹಣ್ಣು ಬರೀತೀರಿ, ಆಮ್ಯಾಲ ಮರ. ಇದರಾಗ ಮೊದಲನೇ ಸಾಲಿಗೇ ಅಟ್ಟ ಬಂದದ. ಇದು ನಿಮ್ಮ ಮೂಗಲ್ರೀ. ಯಾರದು?"

"ನಮ್ಮ ಅಪ್ಪಂದು," ಎಂದೆ.

ಅವರೂ ಈ ಲೈನಿನಲ್ಲಿ ಇದ್ದರೇ ಎಂದು ಕೇಳಿದರು. ಠಾಣೆಯ ಬಾರಿನಲ್ಲಿ ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತಿದ್ದರು ಎಂದೆ. ಆ ಕಟ್ಟಡದೊಳಗೆ ಈ ಮಾತನ್ನು ನಾನು ಮೊದಲ ಸಲ ಹೇಳಿದ್ದು ಅವತ್ತು. ಆಮೇಲೆ ಉಳಿದದ್ದನ್ನೂ ಹೇಳಿದೆ. ಜ್ವರ, ಚಟ್ನಿ, ಡಾಕ್ಟರು, ಐದು ತಿಂಗಳು. ಅಪ್ಪ ಹೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಿದೆ: ಮಳೆಗಾಲ ಪೂರ್ತಿ ಅಟ್ಟದ ಮೇಲೆ ಇದ್ದ ಕೊಬ್ಬರಿ.

ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಅವರು ಖರೇನ ಹೇಳ್ಯಾರಲ್ರೀ. ಮಳೆಗಾಲ ದಾಟಿದ ಕೊಬ್ಬರಿ ಅಂದ್ರ ಬೂಸ್ಟು ಹಿಡಿದದ್ದು, ಕನರು. ನಾಲ್ಕು ಮಂದಿ ಬರೆದದ್ದೂ ಅದನ್ನ. ನೀವು ಏನು ಕೇಳಿಸ್ಕೊಂಡ್ರಿ?"

ನಾನು ಕೇಳಿಸಿಕೊಂಡಿರಲಿಲ್ಲ, ನೋಡಿದ್ದೆ. ಅಪ್ಪನ ಮುಖದಲ್ಲಿ ನಗು ಬಂದದ್ದನ್ನು ನೋಡಿ ರಮ್ಮು ಚೆನ್ನಾಗಿದೆ ಎಂದುಕೊಂಡಿದ್ದೆ. ಅವರು ನಕ್ಕದ್ದು ಅವರ ತಾಯಿಯ ಅಟ್ಟಕ್ಕೆ. ಅಲ್ಲಿ ಬೆಳೆದವರಿಗೆ ಕನರು ಹಿಡಿದ ಕೊಬ್ಬರಿಯೂ ಮನೆಯ ವಾಸನೆಯೇ. ಕೆಟ್ಟದ್ದು ಎಂದು ಮೂಗು ಮುಚ್ಚಿಕೊಳ್ಳುವವರು ಹೊರಗಿನವರು. ಇನ್ನೊಂದು ತಪ್ಪು ಅದಕ್ಕಿಂತ ನಾಚಿಕೆಗೇಡು. ಸಾಲಿನಲ್ಲಿ ಮೊದಲು ಬಾಯಿಗೆ ಹೋದ ಗ್ಲಾಸನ್ನು ನಂಬಬಾರದು, ನಾಲಿಗೆ ಉರಿಗೆ ಹೊಂದಿಕೊಳ್ಳುವವರೆಗೆ ಅದು ಸುಳ್ಳು ಹೇಳುತ್ತದೆ ಎಂಬುದು ಪ್ಯಾನೆಲ್ಲಿನಲ್ಲಿ ಮೊದಲ ದಿನ ಕಲಿಸುವ ಪಾಠ. ಹೊಸಬರಿಗೆ ನಾನೇ ಅದನ್ನು ಹೇಳಿಕೊಟ್ಟಿದ್ದೆ. ಅಪ್ಪನಿಗೆ ಅದು ಆ ದಿನದ ಮೊದಲ ಗ್ಲಾಸು ಮಾತ್ರವಾಗಿರಲಿಲ್ಲ, ಜೀವಮಾನದ್ದೇ ಮೊದಲನೆಯದು. ಆರರಲ್ಲಿ ಅತ್ಯಂತ ಚಂದದ್ದನ್ನು ಅವರ ಬಾಯಿಗೆ ಮೊದಲು ಕೊಟ್ಟು, ಮುಖ ಕಿವುಚಿದ್ದಕ್ಕೆ ಅದನ್ನು ಎರಡನೆಯದಾಗಿಸಿದೆ.

ಐದು ತಿಂಗಳಲ್ಲಿ ನಾನು ಸಹಿ ಹಾಕಿದ ಕಾಗದಗಳನ್ನೆಲ್ಲ ಬದಿಗಿಟ್ಟು ಮತ್ತೆ ನೋಡಬೇಕಾಗುತ್ತದೆ ಎಂದರು ಮೇಡಂ. ನಾನು ಮೂರು ತಿಂಗಳು ಕೇಳಿದೆ. ಡಾಕ್ಟರು ಬರಬಹುದು ಎಂದಿದ್ದಾರೆ ಎಂದೆ. ಬೇಡಿದೆ ಎಂದೇ ಹೇಳಬೇಕು. ಅವರು ಕಿಟಕಿಯ ಕಡೆ ನೋಡುತ್ತಾ, "ಮೂರು ತಿಂಗಳು ನಾ ಕೊಡಬಹುದ್ರಿ. ಮೂಗು ನಾ ಎಲ್ಲಿಂದ ಕೊಡ್ಲಿ?" ಎಂದರು. ನಿಯಮದ ಪ್ರಕಾರ ಒಂದು ಪರೀಕ್ಷೆ ಆಗಲೇಬೇಕು, ಇವತ್ತೇ ಆಗಲಿ ಎಂದರು.

ಹೊಸ ಬಣ್ಣ ಒಣಗಿ ವಾಸನೆ ಹೋಗಿದ್ದ ಕೋಣೆಯಲ್ಲಿ ಎರಡನೆಯ ಕುರ್ಚಿಯಲ್ಲಿ ಕೂತೆ. ಮೂರು ಗ್ಲಾಸು ಬರುತ್ತವೆ. ಎರಡರಲ್ಲಿ ಒಂದೇ ರಮ್ಮು, ಒಂದರಲ್ಲಿ ಬೇರೆ. ಆ ಬೇರೆಯದನ್ನು ಗುರುತಿಸಬೇಕು. ಹೀಗೆ ಆರು ಸಲ. ಒಂದು ಕಾಲದಲ್ಲಿ ಆರಕ್ಕೆ ಆರು ಹೇಳಿ ಒಳಗೆ ಬಂದವನು ನಾನು. ಆ ದಿನ ನಾಲಿಗೆಯಿಂದ ಹುಡುಕಿದೆ, ಉರಿಯಿಂದ ಹುಡುಕಿದೆ, ಗ್ಲಾಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ ಕೂಡ. ಆರರಲ್ಲಿ ಎರಡು ಸರಿಯಾದವು. ನಾನು ಕೆಮಿಸ್ಟ್ರಿ ಓದಿದವನು, ಲೆಕ್ಕ ಗೊತ್ತು: ಕಣ್ಣು ಮುಚ್ಚಿ ಬೆರಳಿಟ್ಟರೂ ಆರರಲ್ಲಿ ಎರಡು ಸರಿಯಾಗುತ್ತವೆ.

ಕೆಲಸದಿಂದ ತೆಗೆಯಲಿಲ್ಲ. ಮೇಡಂ ಹೇಳಿ ನೀರಿನ ಲ್ಯಾಬಿಗೆ ಹಾಕಿಸಿದರು. ಬಾಟಲಿ ತೊಳೆಯುವ ನೀರಿನ ಗಡಸುತನ ನೋಡುವ ಕೆಲಸ, ನೀರಿಗೆ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ, ಕೆಂಪು ಬಣ್ಣ ಹೋಗಿ ನೀಲಿ ಬಂದರೆ ನಿಲ್ಲಿಸುವುದು. ಬೆಳಿಗ್ಗೆ ಏಳಕ್ಕೆ ಪಾಳಿ. ಮೂಗಿನ ಅಗತ್ಯ ಇಲ್ಲ. ಎರಡನೆಯ ಕುರ್ಚಿಗೆ ಬೇರೊಬ್ಬರು ಬಂದರು.

ಮನೆಯಲ್ಲಿ ಹೇಳಲು ನಾಲ್ಕು ದಿನ ಬೇಕಾಯಿತು. ಹೆಂಡತಿಗೆ ಮೊದಲ ದಿನವೇ ಗೊತ್ತಾಗಿತ್ತು, ಅವಳು ಕೇಳಲಿಲ್ಲ. ಅಪ್ಪ ಮಾತ್ರ ದಿನವೂ ನಾನು ಬರುವ ಹೊತ್ತಿಗೆ ಬಾಗಿಲ ಹತ್ತಿರವೇ ಕೂತಿರುತ್ತಿದ್ದರು, ಫಲಿತಾಂಶಕ್ಕೆ ಕಾಯುವವರ ಹಾಗೆ. ನಾಲ್ಕನೆಯ ದಿನ ಚಹಾ ಕುಡಿಯುವಾಗ ಅವರೇ ಕೇಳಿದರು.

"ಮೂರನೇದ್ದೇ ತಗೊಂಡ್ರಾ?"

ಇಲ್ಲ, ಐದನೆಯದು ಎಂದೆ. ಅವರ ಕಪ್ಪು ಅರ್ಧದಲ್ಲಿ ನಿಂತಿತು. ಹಾಗಾದರೆ ತಾನು ಹೇಳಿದ್ದು ತಪ್ಪಾಯಿತಾ ಎಂದು ಕೇಳಿದರು. ನೀವು ಹೇಳಿದ್ದು ಸರಿ ಇತ್ತು, ನಾಲ್ಕು ಜನರೂ ಅದನ್ನೇ ಹೇಳಿದ್ದಾರೆ, ಮೇಡಂ ಕೂಡ ಹೇಳಿದರು, ಬರೆದವನು ನಾನು, ನಾನು ತಪ್ಪು ಬರೆದೆ ಎಂದೆ. ಕುರ್ಚಿ ಹೋಯಿತು ಎಂಬುದನ್ನೂ ಹೇಳಿದೆ. ಅವರು ಚಹಾ ಮುಗಿಸಿ ಕಪ್ಪನ್ನು ಕೆಳಗಿಟ್ಟರು.

"ವಾಸನೆಯಲ್ಲೇ ಸರಿ ಹೇಳಿದ್ದೆ ಅಲ್ವಾ. ಹಾಗಾದ್ರೆ ಬಾಯಿಗೆ ಹಾಕಿದ್ದು ಬೇಡಿತ್ತು."

ಚುಚ್ಚಲು ಹೇಳಿದ್ದಲ್ಲ. ಚುಚ್ಚುವ ಮನುಷ್ಯನೇ ಅಲ್ಲ ಅವರು. ನಡೆದದ್ದನ್ನು ತಮಗೆ ತಾವೇ ಜೋಡಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಊರಿಗೆ ಒಂದು ಟಿಕೇಟು ತೆಗೆದುಕೊಡಲು ಹೇಳಿದರು. ದೈವದ ಎದುರು ನಿಂತು ತಪ್ಪು ಒಪ್ಪಿಕೊಂಡು ಕಾಣಿಕೆ ಹಾಕಬೇಕು, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂರುವುದು ಸರಿಯಲ್ಲ ಎಂದರು. ಎಪ್ಪತ್ತನಾಲ್ಕು ವರ್ಷದವರು, ಮೊಣಕಾಲು ನೋವಿನವರು, ಒಂದು ರಾತ್ರಿಯ ರೈಲು. ಎರಡು ಟಿಕೇಟು ತೆಗೆಯುತ್ತೇನೆ, ನಾನೂ ಬರುತ್ತೇನೆ, ತಪ್ಪು ನನ್ನದು ಎಂದೆ.

"ನೀನು ಯಾಕೆ?" ಎಂದರು. "ಕುಡಿದವ ನಾನಲ್ವಾ."

ಫೋನು ತೆಗೆದು ಟಿಕೇಟು ನೋಡಲು ಕೂತೆ. ಒಂದೇ ಹೆಸರು ಹಾಕು ಎಂದು ಎರಡು ಸಲ ಹೇಳಿದರು. ಒಂದೇ ಹಾಕಿದೆ.